ಮೊಂಶೀಕ್ ಬೆಟ್ಟದ ಬಾಡಿಗೆ ಮನೆ: ಚಾವಿ ಸಿಗುವ ಮೊದಲು, ಸಿಕ್ಕಿದ ಮೇಲೆ

ಪೋರ್ಚುಗಲ್ಲಿನ ದಕ್ಷಿಣ ತುದಿಯ ಅಲ್ಗಾರ್ವ್ ಸೀಮೆ ಹೆಸರಾಗಿರುವುದು ಸಮುದ್ರದಂಡೆಗೆ. ಆದರೆ ಪೋರ್ತಿಮಾಂವ್ ಪಟ್ಟಣದಿಂದ ಉತ್ತರಕ್ಕೆ 25 ಕಿ.ಮೀ.ನಷ್ಟು ಏರಿದರೆ ಬೇರೆಯದೇ ಲೋಕ ಸಿಗುತ್ತದೆ. ಅದೇ ಮೊಂಶೀಕ್ ಬೆಟ್ಟಸಾಲು. ಇಡೀ ಅಲ್ಗಾರ್ವಿನಲ್ಲಿ ಎತ್ತರದ ಫೋಯಾ ಶಿಖರ ಇಲ್ಲೇ ಇದೆ, 902 ಮೀಟರ್. ಎದುರಿಗಿರುವ ಪಿಕೋಟಾ 774 ಮೀಟರ್. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಲ್ಲಿನ ಗೋಡೆ ಕಟ್ಟಿದ ಹಳೆಯ ಗದ್ದೆಗಳು, ತೊಗಟೆಯಿಂದ ಬಾಟಲಿಯ ಬಿರಡೆ ಮಾಡುವ ಕಾರ್ಕ್ ಮರ, ಕಿತ್ತಳೆ ತೋಟ, ನಡುನಡುವೆ ಬಿಡಿಬಿಡಿ ಮನೆಗಳು. ಅಜ್ಜ, ಅಜ್ಜಿ, ಮಕ್ಕಳೆಲ್ಲ ಸೇರಿ ಆರೆಂಟು ಜನ ಹತ್ತು ದಿನ ಇರಲು ಇಂಥ ಮನೆಯೊಂದನ್ನು ಬಾಡಿಗೆಗೆ ಹಿಡಿಯುವುದು ಹೋಟೆಲಿಗಿಂತ ಎಷ್ಟೋ ಮೇಲು. ಒಂದೇ ಷರತ್ತು: ಆ ಹತ್ತು ದಿನ ಮನೆ ನಡೆಸುವವರು ನಾವೇ. ನೀರು ಎಲ್ಲಿಂದ ಬರುತ್ತದೆ, ಕರೆಂಟ್ ಎಷ್ಟು ತಡೆಯುತ್ತದೆ, ಗ್ಯಾಸ್ ಎಲ್ಲಿದೆ, ದಾರಿ ಹೇಗಿದೆ ಎಂಬ ನಾಲ್ಕು ವಿಷಯ ಮೊದಲೇ ಗೊತ್ತಿದ್ದರೆ ರಜೆ ಸುಖವಾಗಿ ಕಳೆಯುತ್ತದೆ. ಗೊತ್ತಿಲ್ಲದಿದ್ದರೆ ಮೊದಲ ಮೂರು ದಿನ ಮನೆಯ ಮಾಲೀಕರಿಗೆ ಫೋನ್ ಮಾಡುವುದರಲ್ಲೇ ಮುಗಿಯುತ್ತದೆ.

ನಮ್ಮ ಶಾಲೆಗಳ ಬೇಸಿಗೆ ರಜೆಗೆ ಮೊಂಶೀಕ್ ಚೆನ್ನಾಗಿ ಹೊಂದುತ್ತದೆ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಬೆಟ್ಟ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಹಗಲು ನಡೆದಾಡಲು ಹಿತ. ರಾತ್ರಿಗೆ ಮಾತ್ರ ಎಲ್ಲರಿಗೂ ಸ್ವೆಟರ್ ಬೇಕು. ಜುಲೈ, ಆಗಸ್ಟಿನಲ್ಲಿ ಬಾಡಿಗೆ ಏರುತ್ತದೆ, ಬಿಸಿಲು ಸುಡುತ್ತದೆ, ಕಾಡ್ಗಿಚ್ಚಿನ ಭಯವೂ ಜಾಸ್ತಿ. ಮೇ ತಿಂಗಳ ಒಂದು ಕೊರತೆ ಎಂದರೆ ಈಜುಕೊಳದ ನೀರು. ಫೋಟೋದಲ್ಲಿ ನೀಲಿಯಾಗಿ ಹೊಳೆಯುವ ಕೊಳಕ್ಕೆ ಕಾಯಿಸುವ ವ್ಯವಸ್ಥೆ ಇಲ್ಲದಿದ್ದರೆ ಮಕ್ಕಳು ಐದು ನಿಮಿಷಕ್ಕೇ ನಡುಗುತ್ತ ಹೊರಗೆ ಬರುತ್ತಾರೆ. 'ಕೊಳ ಇದೆಯೇ' ಎಂದು ಕೇಳಿದರೆ ಸಾಲದು. 'ನೀರು ಕಾಯಿಸುತ್ತೀರಾ, ಅದಕ್ಕೆ ದಿನಕ್ಕೆ ಎಷ್ಟು, ಕೊಳದ ಸುತ್ತ ಬೇಲಿ ಇದೆಯೇ' ಎಂದು ಬರಹದಲ್ಲೇ ಕೇಳಿ ಉತ್ತರ ಪಡೆಯಬೇಕು. ಬೇಲಿಯಿಲ್ಲದ ಕೊಳದ ಮನೆಗೆ ಐದು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಬೇಡಿ. ಇಳಿಜಾರಿನ ಮನೆಗಳಲ್ಲಿ ಕೊಳ ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಲ್ಲಿರುತ್ತದೆ, ಅಡುಗೆಮನೆಯಿಂದ ಕಾಣುವುದಿಲ್ಲ.

ಅಜ್ಜ ಅಜ್ಜಿ ಜೊತೆಗಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ: ಕಾರು ನಿಲ್ಲುವ ಜಾಗದಿಂದ ಮನೆ ಬಾಗಿಲಿಗೆ ಎಷ್ಟು ಮೆಟ್ಟಿಲು, ಅಲ್ಲಿಂದ ಮಲಗುವ ಕೋಣೆಗೆ ಎಷ್ಟು? ಈ ಬೆಟ್ಟದಲ್ಲಿ ಮನೆಗಳೇ ಮೆಟ್ಟಿಲಿನ ಹಾಗೆ ಕೂತಿರುತ್ತವೆ. ಕೊನೆಯ ಒಂದೆರಡು ಕಿಲೋಮೀಟರ್ ಡಾಂಬರೋ ಮಣ್ಣಿನ ದಾರಿಯೋ, ಎದುರಿಗೆ ಕಾರು ಬಂದರೆ ಸರಿಯಲು ಜಾಗ ಎಲ್ಲಿದೆ ಎಂಬುದನ್ನೂ ಕೇಳಿಡಿ.

ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಗೆ ಪೋರ್ಚುಗಲ್ಲಿನಲ್ಲಿ ನೋಂದಣಿ ಕಡ್ಡಾಯ. 'ಅಲೊಜಮೆಂತು ಲೊಕಾಲ್' (ಸ್ಥಳೀಯ ವಸತಿ) ಎಂಬ ವರ್ಗದ ಮನೆಯಾದರೆ ಜಾಹೀರಾತಿನಲ್ಲಿ ಒಂದು ಸಂಖ್ಯೆ, ಅದರ ಮುಂದೆ ಓರೆಗೆರೆ, 'ಎಎಲ್' ಎಂಬ ಅಕ್ಷರಗಳು ಇರಬೇಕು. ಆ ಸಂಖ್ಯೆ ಕೊಡಲು ಹಿಂದೇಟು ಹಾಕುವವರಿಗೆ ಮುಂಗಡ ಕಳಿಸಬೇಡಿ. ನೋಂದಣಿಯಾದ ಮನೆಯಲ್ಲಿ ದೂರು ಪುಸ್ತಕವೂ ಇರಬೇಕು. ವಿದೇಶಿ ಅತಿಥಿಗಳ ವಿವರವನ್ನು ಮೂರು ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ತಿಳಿಸುವುದು ಮಾಲೀಕರ ಹೊಣೆ, ಆದ್ದರಿಂದ ಅವರು ಮಕ್ಕಳದೂ ಸೇರಿ ಎಲ್ಲರ ಪಾಸ್‌ಪೋರ್ಟ್ ವಿವರ ಕೇಳಿದರೆ ಗಾಬರಿ ಬೇಡ.

ವೀಸಾ ಕಾಗದಗಳಲ್ಲಿ ಮನೆ ಬಾಡಿಗೆ ಹಿಡಿಯುವವರಿಗೆ ಮಾತ್ರ ಬರುವ ತೊಡಕೊಂದಿದೆ. ಹೋಟೆಲಿನಲ್ಲಾದರೆ ಕೋಣೆಗೊಂದು ಬುಕಿಂಗ್ ಸಿಗುತ್ತದೆ. ಇಲ್ಲಿ ಇಡೀ ಮನೆ ಒಬ್ಬರ ಹೆಸರಿನಲ್ಲಿರುತ್ತದೆ. ಅರ್ಜಿ ಮಾತ್ರ ತಲೆಗೊಂದು. ಅಜ್ಜಿಯ ಅರ್ಜಿಯೊಳಗೆ ಅಜ್ಜಿಯ ಹೆಸರೇ ಇಲ್ಲದ ಬುಕಿಂಗ್ ಇಟ್ಟರೆ ವಾಸ್ತವ್ಯದ ದಾಖಲೆ ಸಾಲದು ಎನಿಸಿಕೊಳ್ಳುವ ಸಾಧ್ಯತೆ ಉಂಟು. ಅದಕ್ಕೆ ಮಾಲೀಕರಿಂದ ಒಂದು ಪುಟದ ಪತ್ರ ತರಿಸಿಕೊಳ್ಳಿ: ಎಲ್ಲರ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ, ಪಾಸ್‌ಪೋರ್ಟ್ ಸಂಖ್ಯೆ, ಬರುವ ಹೋಗುವ ದಿನ, ಮನೆಯ ವಿಳಾಸ, ನೋಂದಣಿ ಸಂಖ್ಯೆ, ಸಹಿ. ಅದರ ಪ್ರತಿಯನ್ನು ಪ್ರತಿ ಅರ್ಜಿಗೂ ಲಗತ್ತಿಸಿ. ಉಳಿದದ್ದು ಎಲ್ಲ ಶೆಂಗೆನ್ ವೀಸಾಕ್ಕೂ (ಪೋರ್ಚುಗಲ್ ಸೇರಿ ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ) ಇರುವಂಥದ್ದೇ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45, ಆರರೊಳಗಿನವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊದ್ದಾಗಿರಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ರಜೆಯ ಕಾಲದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳ ಮುಂಚೆ ಶುರು ಮಾಡಿದರೆ ನೆಮ್ಮದಿ. ಬೆಂಗಳೂರಿನಿಂದ ಲಿಸ್ಬನ್‌ಗೆ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಹೋದರೆ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ. ದುಬೈ ಮೂಲಕವಾದರೆ ಲಿಸ್ಬನ್ನಿನಲ್ಲಿ. ಬೆರಳಚ್ಚು, ಫೋಟೊ ತೆಗೆಯುವ ಹೊಸ ಪದ್ಧತಿ 2025ರ ಅಕ್ಟೋಬರ್‌ನಿಂದ ಬಂದಿರುವುದರಿಂದ ಸಾಲು ನಿಧಾನ. ಮುಂದಿನ ವಿಮಾನಕ್ಕೋ ಕಾರು ತೆಗೆದುಕೊಳ್ಳುವುದಕ್ಕೋ ಎರಡು ಮೂರು ಗಂಟೆ ಅಂತರ ಇಟ್ಟುಕೊಳ್ಳಿ.

ಸಾಮಾನು ಕಟ್ಟುವಾಗ ಅಡುಗೆಯ ಗಂಟಿನ ಬಗ್ಗೆ ಎಚ್ಚರ. ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿಕೊಂಡರಾಯಿತು. ತೊಗರಿಬೇಳೆ ಎರಡು ಕೆ.ಜಿ., ಸಾರಿನ ಪುಡಿ, ಹುಳಿ ಪುಡಿ, ಇಂಗು, ಸಾಸಿವೆ, ಹುಣಸೆ ಇಷ್ಟಿದ್ದರೆ ಎಂಟು ಜನರಿಗೆ ಹತ್ತು ದಿನಕ್ಕೆ ಧಾರಾಳ. ಅಕ್ಕಿ ಹೊರಬೇಡಿ. ಅಲ್ಲಿನ ಅಂಗಡಿಯಲ್ಲಿ 'ಅಗುಲ್ಯಾ' ಎಂಬ ಉದ್ದನೆಯ ಅಕ್ಕಿ ಉದುರುದುರಾಗಿ ಅನ್ನವಾಗುತ್ತದೆ. 'ಕರೊಲೀನು' ಎಂಬ ದಪ್ಪನೆಯ ಅಕ್ಕಿ ಚೆನ್ನಾಗಿ ನೀರು ಕುಡಿದು ಮೆತ್ತಗಾಗುತ್ತದೆ, ಮೊಸರನ್ನಕ್ಕೂ ಬಿಸಿಬೇಳೆಬಾತಿಗೂ ಅದನ್ನೇ ಬಳಸಿ. ಕೊತ್ತಂಬರಿ ಸೊಪ್ಪು ಈ ಸೀಮೆಯ ಅಡುಗೆಯಲ್ಲೇ ಇರುವುದರಿಂದ ಎಲ್ಲ ಕಡೆ ಸಿಗುತ್ತದೆ. ಪಕ್ಕದ ಅಲ್ಜೆಜೂರಿನ ಸಿಹಿಗೆಣಸು ಅಲ್ಲಿ ಬಲು ಪ್ರಸಿದ್ಧ, ಹಬೆಯಲ್ಲಿ ಬೇಯಿಸಿದರೆ ಮಕ್ಕಳ ಸಂಜೆಯ ತಿಂಡಿ ಆಯಿತು. ವಾರದ ದೊಡ್ಡ ಖರೀದಿಯನ್ನು ಕೆಳಗೆ ಪೋರ್ತಿಮಾಂವ್‌ನಲ್ಲೇ ಮುಗಿಸಿ ಬೆಟ್ಟ ಹತ್ತುವುದು ಒಳ್ಳೆಯದು. ರಾತ್ರಿ ಹಾಲು ಮುಗಿಯಿತೆಂದು ಆ ತಿರುವುಗಳಲ್ಲಿ ಮತ್ತೆ ಇಳಿಯುವುದು ಬೇಡ.

ಕಾರಿಲ್ಲದೆ ಈ ಮನೆಗಳಲ್ಲಿ ಇರಲು ಆಗುವುದಿಲ್ಲ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅದರ ಅವಧಿ ಒಂದು ವರ್ಷ, ಮೂಲ ಲೈಸೆನ್ಸೂ ಜೊತೆಗಿರಬೇಕು. ಅಲ್ಲಿ ಬಾಡಿಗೆ ಕಾರು ಎಂದರೆ ಸಾಮಾನ್ಯವಾಗಿ ಗೇರಿನದು. ಬಲಗಡೆ ಓಡಿಸುವುದು, ಬಲಗೈಯಲ್ಲಿ ಗೇರು, ಅದರ ಮೇಲೆ ಬೆಟ್ಟದ ದಾರಿ, ಮೂರೂ ಒಟ್ಟಿಗೆ ಬೇಡ ಎನ್ನಿಸಿದರೆ ಆಟೊಮ್ಯಾಟಿಕ್ ಬೇಕೆಂದು ಮೊದಲೇ ಬರೆಸಿ. ಡೆಪಾಸಿಟ್ ಹಿಡಿಯಲು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. 12 ವರ್ಷದೊಳಗಿನ, 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಅವರ ಗಾತ್ರಕ್ಕೆ ತಕ್ಕ ಸೀಟು ಕಡ್ಡಾಯ. ವಿಮೆಯ ಕಾಗದದಲ್ಲಿ ಟೈರು, ಗಾಜು, ಕಾರಿನ ತಳಭಾಗ ಸೇರಿದೆಯೇ ನೋಡಿ. ಮಣ್ಣಿನ ದಾರಿಯ ಕಲ್ಲು ಬಡಿಯುವುದು ಅಲ್ಲಿಗೇ, ಮೂಲ ವಿಮೆ ಬಿಟ್ಟಿರುವುದೂ ಹೆಚ್ಚಾಗಿ ಅದನ್ನೇ.

ಪೆಟ್ರೋಲ್ ಬಂಕಿನಲ್ಲಿ ಒಂದು ಪದ ಮರೆಯಬೇಡಿ. 'ಗಸೊಲೀನ' ಎಂದರೆ ಪೆಟ್ರೋಲು. 'ಗಸೋಲಿಯು' ಎಂದರೆ ಡೀಸೆಲ್. ಎರಡೂ ಕೇಳಲು ಒಂದೇ ಥರ, ಬಂಕಿನಲ್ಲಿ ತುಂಬಿಕೊಳ್ಳುವುದೂ ನಾವೇ. ಇಂಧನ ಟ್ಯಾಂಕಿನ ಮುಚ್ಚಳದ ಒಳಗೆ ಬರೆದದ್ದನ್ನು ಫೋಟೊ ತೆಗೆದಿಟ್ಟುಕೊಂಡು ಪಂಪಿನ ಮೇಲಿನ ಹೆಸರಿಗೆ ಹೋಲಿಸಿ. ತಪ್ಪಿ ಹಾಕಿದ್ದು ಗೊತ್ತಾದರೆ ಕಾರು ಸ್ಟಾರ್ಟ್ ಮಾಡದೆ ಬಾಡಿಗೆಯವರಿಗೆ ಫೋನ್ ಮಾಡಿ. ಸ್ಟಾರ್ಟ್ ಮಾಡದಿದ್ದರೆ ಟ್ಯಾಂಕು ಖಾಲಿ ಮಾಡಿಸುವ ಖರ್ಚಿನಲ್ಲಿ ಮುಗಿಯಬಹುದು. ಮಾಡಿದರೆ ಎಂಜಿನ್ನಿಗೇ ಏಟು.

ಲಿಸ್ಬನ್ನಿನಿಂದ ಎ2 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದು, ಎ22ರಲ್ಲಿ ಪಶ್ಚಿಮಕ್ಕೆ ತಿರುಗಿ, ಪೋರ್ತಿಮಾಂವ್ ಬಳಿ ಇಳಿದು ಎನ್266 ಹಿಡಿದರೆ ಬೆಟ್ಟ. ದಾರಿಯಲ್ಲಿ ಒಂದು ನಿಲುಗಡೆ ಸೇರಿ ಮೂರೂವರೆ ಗಂಟೆ ಎಂದಿಟ್ಟುಕೊಳ್ಳಿ. ಫಾರೊ ವಿಮಾನ ನಿಲ್ದಾಣದಲ್ಲಿ ಇಳಿದರೆ ಒಂದೂಕಾಲು ಗಂಟೆ ಸಾಕು. ಎ2ರಲ್ಲಿ ಟೋಲ್ ಉಂಟು. ಚೀಟಿ ತೆಗೆದುಕೊಂಡು ಹೊರಬರುವಾಗ ಕಾರ್ಡಿನಲ್ಲಿ ಕಟ್ಟಬೇಕು, ಹಸಿರು 'ವಿಯಾ ವೆರ್ದ್' ಸಾಲು ಕಾರಿನಲ್ಲಿ ಆ ಉಪಕರಣ ಇದ್ದವರಿಗೆ ಮಾತ್ರ. ಎ22ರ ಟೋಲನ್ನು 2025ರ ಜನವರಿ 1ರಿಂದ ತೆಗೆದುಹಾಕಿದ್ದಾರೆ. ವೃತ್ತಗಳಲ್ಲಿ ಒಳಗಿರುವ ವಾಹನಕ್ಕೆ ಮೊದಲ ಹಕ್ಕು. ಮೊದಲನೆಯ ದಾರಿಗೇ ಹೊರಳುವುದಿಲ್ಲವಾದರೆ ಹೊರಗಿನ ಸಾಲು ಹಿಡಿಯುವುದು ಅಲ್ಲಿ ತಪ್ಪು.

ಹಳ್ಳಿಯ ಕಡೆ ಮನೆಗಳಿಗೆ ಬೀದಿಯ ಹೆಸರು, ಬಾಗಿಲ ಸಂಖ್ಯೆ ಇರುವುದು ಕಡಿಮೆ. ವಿಳಾಸ 'ಸೀತಿಯು' ಎಂದು ಶುರುವಾಗುವ ಒಂದು ಜಾಗದ ಹೆಸರು, ಅಷ್ಟೆ. ಮ್ಯಾಪ್ ಅದನ್ನು ನಂಬಿ ಟ್ರ್ಯಾಕ್ಟರ್ ದಾರಿಗೆ ಇಳಿಸಿಬಿಡುತ್ತದೆ. ಮಾಲೀಕರಿಂದ ಗೇಟಿನ ನಿಖರ ಲೊಕೇಶನ್ ಪಿನ್, ಮುಖ್ಯರಸ್ತೆ ಬಿಡುವ ತಿರುವಿನ ಫೋಟೊ, ಎರಡನ್ನೂ ತರಿಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಕಣಿವೆಯಲ್ಲಿ ಸಿಗ್ನಲ್ ಹೋಗುತ್ತದೆ. ಮೇ ಮಧ್ಯದಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಅದಕ್ಕೂ ಒಂದು ಗಂಟೆ ಮೊದಲೇ ಮನೆ ಸೇರುವ ಹಾಗೆ ಹೊರಡಿ.

ಬಾಗಿಲಲ್ಲಿ ಮಾಲೀಕರು ಕೊಡುವುದು 'ಶಾವ್', ನಮ್ಮ ಚಾವಿ. ಸ್ನಾನದ ಕೋಣೆಯಲ್ಲಿ 'ಬಾಲ್ದ್', 'ತುವಾಲ್ಯಾ', ಗೋಡೆಗೆ 'ಅರ್ಮಾರಿಯು': ಬಾಲ್ದಿ, ತುವಾಲು, ಅಲಮಾರು. ನಾಲ್ಕೂ ಐನೂರು ವರ್ಷಗಳ ಸಮುದ್ರ ವ್ಯಾಪಾರದಲ್ಲಿ ಇತ್ತ ಬಂದ ಮಾತುಗಳು. ಅಜ್ಜಿ 'ಬಾಲ್ದಿ' ಎಂದರೆ ಮನೆ ಗುಡಿಸುವ ಹೆಂಗಸಿಗೆ ಅರ್ಥವಾಗುವುದನ್ನು ನೋಡುವುದೇ ಒಂದು ಸಂತೋಷ.

ಚಾವಿ ಕೈಗೆ ಬಂದ ಮೇಲೆ ಮಾಲೀಕರನ್ನು ತಕ್ಷಣ ಬೀಳ್ಕೊಡಬೇಡಿ. ಜೊತೆಗೆ ಮನೆ ಸುತ್ತಿ. ಮೊದಲು ಕರೆಂಟ್ ಬೋರ್ಡು. ನಮ್ಮ ಬಿಲ್ಲಿನ ಮೇಲೆ ಸ್ಯಾಂಕ್ಷನ್ಡ್ ಲೋಡ್ ಇರುವ ಹಾಗೆ ಅಲ್ಲಿಯೂ ಒಪ್ಪಂದದ ಮಿತಿ ಇರುತ್ತದೆ. ಅಲ್ಲಿ ಅದನ್ನು ಮೀರಿದ ಕೂಡಲೇ ಇಡೀ ಮನೆ ಕತ್ತಲು. ಮಿತಿ 3.45 ಕೆವಿಎ (ಹೆಚ್ಚುಕಡಿಮೆ ಕಿಲೋವ್ಯಾಟ್ ಇದ್ದ ಹಾಗೆ) ಇರುವ ಮನೆ ಎಂದುಕೊಳ್ಳಿ. ಅಂದರೆ 230 ವೋಲ್ಟಿಗೆ 15 ಆಂಪಿಯರ್. ಎರಡು ಸಾವಿರ ವ್ಯಾಟಿನ ಓವನ್ ಉರಿಯುತ್ತಿರುವಾಗ ಯಾರಾದರೂ ಎರಡು ಸಾವಿರ ವ್ಯಾಟಿನ ಕೆಟಲ್ ಹಚ್ಚಿದರೆ ಮುಗಿಯಿತು. 6.9 ಕೆವಿಎ ಇದ್ದರೆ ದೊಡ್ಡ ಸಂಸಾರಕ್ಕೆ ಸಾಕು. ಆಗಲೂ ಓವನ್, ಒಲೆ, ವಾಷಿಂಗ್ ಮಷಿನ್, ಎಸಿ ಎಲ್ಲ ಒಟ್ಟಿಗೆ ಬೇಡ. ಬೋರ್ಡಿನ ಒಳಗೆ ಎಲ್ಲ ಸ್ವಿಚ್ಚೂ ಮೇಲಿದ್ದು ಕರೆಂಟ್ ಮಾತ್ರ ಇಲ್ಲ ಎಂದರೆ ಮೀಟರೇ ಕಡಿದಿರಬಹುದು. ದೊಡ್ಡ ಉಪಕರಣಗಳನ್ನು ಆರಿಸಿ, ಮೈನ್ ಕೆಳಗೆ ಮಾಡಿ, ಸ್ವಲ್ಪ ಕಾದು ಮೇಲೆತ್ತಿ. ಅದರ ಬದಲು ಪರೀಕ್ಷಾ ಗುಂಡಿ ಇರುವ ಸ್ವಿಚ್ಚು ಬಿದ್ದಿದ್ದರೆ ಎಲ್ಲೋ ಸೋರಿಕೆ ಇದೆ: ಮಳೆಗೆ ನೆನೆದ ತೋಟದ ದೀಪವೋ ಕೊಳದ ಪಂಪೋ. ಎಲ್ಲ ಸಣ್ಣ ಸ್ವಿಚ್ಚುಗಳನ್ನು ಇಳಿಸಿ ಒಂದೊಂದಾಗಿ ಏರಿಸುತ್ತ ಹೋದರೆ ಯಾವುದೆಂದು ಸಿಕ್ಕಿಬೀಳುತ್ತದೆ. ಅದೊಂದನ್ನು ಕೆಳಗೇ ಬಿಟ್ಟು ಮಾಲೀಕರಿಗೆ ತಿಳಿಸಿ. ಬೋರ್ಡಿನ ಹತ್ತಿರ ಒಂದು ಟಾರ್ಚ್ ಇಟ್ಟಿರಿ.

ಎರಡನೆಯದು ನೀರು. ಬೆಟ್ಟದ ಒಂಟಿ ಮನೆಗಳಲ್ಲಿ ಬಹುಪಾಲು ಬೋರ್‌ವೆಲ್ಲು, ಇಲ್ಲವೇ ಒರತೆಯ ನೀರು. ಅದನ್ನು ಟ್ಯಾಂಕಿಗೆ ತುಂಬಿ ಪಂಪಿನ ಒತ್ತಡದಲ್ಲಿ ನಲ್ಲಿಗೆ ಬಿಡುತ್ತಾರೆ. ಕರೆಂಟ್ ಹೋದರೆ ನೀರೂ ಹೋಗುತ್ತದೆ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ದೇಶ ಕತ್ತಲಾದಾಗ ಪಂಪು ನಂಬಿದ ಮನೆಗಳಿಗೆ ಇದೇ ಮೊದಲ ಕಷ್ಟ. ಎರಡು ಬಾಲ್ದಿ ನೀರು ಶೌಚಕ್ಕೆಂದು ತುಂಬಿಟ್ಟಿರುವುದು ನಮ್ಮವರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ, ಅಲ್ಲಿಯೂ ಅದನ್ನೇ ಮಾಡಿ. ಬೋರಿನ ನೀರು ಕುಡಿಯಲು ಯೋಗ್ಯವೆಂದು ಪರೀಕ್ಷೆ ಮಾಡಿಸಿದ್ದಾರೆಯೇ ಕೇಳಿ. ಇಲ್ಲವೆಂದರೆ ಐದು ಲೀಟರಿನ ಕ್ಯಾನು ತನ್ನಿ. ಈ ಬೆಟ್ಟದ್ದೇ ಬಾಟಲಿ ನೀರು ಸಿಗುತ್ತದೆ, ಪಿಎಚ್ 9.5 ಎಂದು ಮೇಲೆಯೇ ಬರೆದಿರುತ್ತದೆ. ಶೌಚದ ನೀರು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ. ಮಕ್ಕಳ ವೆಟ್ ವೈಪ್ಸ್ ಒಳಗೆ ಹಾಕಿದರೆ ಪೈಪು ಕಟ್ಟುತ್ತದೆ, ಬ್ಲೀಚ್ ಸುರಿದರೆ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತದೆ.

ಬಿಸಿನೀರಿನದು ಬೇರೆಯೇ ಅಧ್ಯಾಯ. 'ಎಸ್ಕೆಂತದೋರ್' ಎಂದರೆ ಗೋಡೆಗೆ ತಗುಲಿಸಿದ ಗ್ಯಾಸ್ ಗೀಸರು. ನಲ್ಲಿ ತಿರುಗಿಸಿದಾಗ ಒಳಗೆ ಟಕ್ ಟಕ್ ಎಂದು ಕಿಡಿ ಹಾರಿ ಭುಗ್ ಎಂದು ಉರಿ ಹತ್ತುತ್ತದೆ. ಸಣ್ಣ ಕಿಂಡಿಯಲ್ಲಿ ನೀಲಿ ಜ್ವಾಲೆ ಕಾಣುತ್ತದೆ. ಟಕ್ ಟಕ್ ಸದ್ದೇ ಇಲ್ಲದಿದ್ದರೆ ಕೆಳಗಿನ ಡಬ್ಬಿಯಲ್ಲಿರುವ ಎರಡು ದಪ್ಪ ಬ್ಯಾಟರಿ ಮುಗಿದಿರುತ್ತವೆ. ಸದ್ದಿದ್ದು ಉರಿ ಹತ್ತದಿದ್ದರೆ ಸಿಲಿಂಡರು ಖಾಲಿ. ಹತ್ತಿ ಹತ್ತಿ ಆರಿಹೋಗುತ್ತಿದ್ದರೆ ನೀರಿನ ಹರಿವು ಸಾಲದು: ಶವರಿನ ತೂತು ಕಟ್ಟಿದೆ, ಇಲ್ಲವೇ ಇನ್ನೊಂದು ಕಡೆ ಯಾರೋ ನಲ್ಲಿ ಬಿಟ್ಟಿದ್ದಾರೆ. ಆದ್ದರಿಂದ ಸ್ನಾನ ಒಬ್ಬೊಬ್ಬರಾಗಿ. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ ಬಳಸಬೇಡಿ. ಗೀಸರಿರುವ ಕೋಣೆಯ ಗಾಳಿಕಿಂಡಿಯನ್ನು ಚಳಿಗೆಂದು ಬಟ್ಟೆ ತುರುಕಿ ಮುಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಸಿಲಿಂಡರು ಸಾಮಾನ್ಯವಾಗಿ 13 ಕೆ.ಜಿ.ಯ ಬ್ಯುಟೇನ್. ತುಂಬಿದ ಇನ್ನೊಂದು ಎಲ್ಲಿದೆ, ಬದಲಿಸುವುದು ಹೇಗೆ ಎಂದು ಮಾಲೀಕರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ. ಬದಲಿಸಿದ ಮೇಲೆ ಜೋಡಣೆಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸೋರುತ್ತಿದೆ.

ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಕುಕ್ಕರು ಕೆಲಸಕ್ಕೆ ಬರುವುದಿಲ್ಲ. ಇಂಡಕ್ಷನ್ ತಳದ ಮೂರು ಲೀಟರಿನ ಸ್ಟೀಲ್ ಕುಕ್ಕರು ಒಯ್ಯಿರಿ. ಗಾಜಿನ ಹಾಗೇ ಕಂಡರೂ ಕೆಂಪಗೆ ಕಾಯುವ ಇನ್ನೊಂದು ಬಗೆಯ ಒಲೆ ಇದೆ. ಅದರ ಮೇಲೆ ಯಾವ ಪಾತ್ರೆಯೂ ಆದೀತು, ಆರಿಸಿದ ಮೇಲೂ ತುಂಬ ಹೊತ್ತು ಬಿಸಿ ಇರುತ್ತದೆ, ಮಕ್ಕಳ ಕೈ ಜೋಪಾನ. ದೋಸೆಹಿಟ್ಟು ಮೇ ತಿಂಗಳ ರಾತ್ರಿಯಲ್ಲಿ ಹುಳಿ ಬರುವುದಿಲ್ಲ. ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಉರಿಸಿ ಪಾತ್ರೆ ಇಟ್ಟರೆ ಬೆಳಗಿಗೆ ಉಬ್ಬಿರುತ್ತದೆ.

ಕಾಡ್ಗಿಚ್ಚಿನ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2018ರ ಆಗಸ್ಟಿನಲ್ಲಿ ಇದೇ ಮೊಂಶೀಕ್‌ನಲ್ಲಿ ಹೊತ್ತಿದ ಬೆಂಕಿ ಒಂದು ವಾರ ಉರಿದು ಸುಮಾರು 27,000 ಹೆಕ್ಟೇರ್ ಸುಟ್ಟಿತು. ನೀಲಗಿರಿ ತೋಪುಗಳು ಬೆಂಕಿಗೆ ತುಪ್ಪ ಇದ್ದಂತೆ. ಮನೆ ಸುತ್ತ 50 ಮೀಟರ್ ಪೊದೆ ಸವರಿರಬೇಕೆಂದು ಕಾನೂನಿದೆ. ಬಂದ ದಿನವೇ ಸುತ್ತ ಕಣ್ಣು ಹಾಯಿಸಿ. ಹವಾಮಾನ ಇಲಾಖೆ ತಾಲ್ಲೂಕುವಾರು ಬೆಂಕಿಯ ಅಪಾಯವನ್ನು ಐದು ಮಟ್ಟಗಳಲ್ಲಿ ದಿನವೂ ಹೇಳುತ್ತದೆ. ಮೇಲಿನ ಎರಡು ಮಟ್ಟಗಳಿದ್ದ ದಿನ ಹೊರಗೆ ಕೆಂಡದ ಒಲೆ ಹಚ್ಚುವಂತಿಲ್ಲ. ಬೇಸಿಗೆಯಲ್ಲಿ ಹೋದವರು ಕಾರನ್ನು ಇಳಿಯುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಪಾಸ್‌ಪೋರ್ಟ್, ಮಾತ್ರೆ, ಚಾರ್ಜರು ಒಂದೇ ಚೀಲದಲ್ಲಿಡಿ. ಕೆಳಗಿಳಿಯುವ ಎರಡು ದಾರಿ ಗೊತ್ತಿರಲಿ. ಹೊಗೆ ಕಂಡರೆ 112. ಹೊರಡಲು ಹೇಳಿದರೆ ಸಾಮಾನು ಕಟ್ಟುತ್ತ ನಿಲ್ಲದೆ ಹೊರಡಿ.

ನೋಡುವುದಕ್ಕೆ ದೂರ ಹೋಗಬೇಕಿಲ್ಲ. ಕಾರ್ಕ್ ಮರಗಳ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆದಿರುತ್ತಾರೆ. '4' ಎಂದಿದ್ದರೆ 2024ರಲ್ಲಿ ತೊಗಟೆ ಸುಲಿದದ್ದು, ಇನ್ನು 2033ರವರೆಗೆ ಅದನ್ನು ಮುಟ್ಟುವಂತಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ಮಾತ್ರ ಸುಲಿಗೆ. ಹೊಸದಾಗಿ ಸುಲಿದ ಕಾಂಡ ಕೆಮ್ಮಣ್ಣಿನ ಬಣ್ಣಕ್ಕಿರುತ್ತದೆ, ಬರುಬರುತ್ತ ಕಪ್ಪಾಗುತ್ತದೆ. ಮಕ್ಕಳಿಗೆ ಅಂಕಿ ಓದಿ ವರ್ಷ ಹೇಳುವ ಆಟ ಹಚ್ಚಿದರೆ ನಡೆಯುವ ದಣಿವೇ ತಿಳಿಯುವುದಿಲ್ಲ. ಊರಿನ ಮೇಲೆ ದೆಸ್ತೆರು ಮಠದ ಪಾಳುಗೋಡೆಗಳಿವೆ. 1631ರಲ್ಲಿ ಅದನ್ನು ಕಟ್ಟಿಸಿದ ಪೆರು ದ ಸಿಲ್ವಾ ಮುಂದೆ ವೈಸ್‌ರಾಯ್ ಆಗಿ ಗೋವೆಗೆ ಬಂದವನು. ಊಟದ ಮನೆಯಲ್ಲಿ ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್ ತಿಂದರೆ ಬಿಲ್ಲಿಗೆ ಸೇರುತ್ತದೆ, ಬೇಡವಾದರೆ ಮುಟ್ಟದೆ ವಾಪಸು ಕಳಿಸಿ. ಸಸ್ಯಾಹಾರಿಗಳು ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿದ್ದಾರೆಯೇ ಎಂದು ವಿಚಾರಿಸಬೇಕು. 'ಸೆಂ ಕಾರ್ನ್, ಸೆಂ ಪೈಶ್' ಎಂದರೆ ಮಾಂಸ ಬೇಡ, ಮೀನು ಬೇಡ.

ಹೊರಡುವ ಹಿಂದಿನ ಸಂಜೆಯೇ ಕಸ ವಿಂಗಡಿಸಿ. ಮನೆ ಬಾಗಿಲಿಗೆ ಗಾಡಿ ಬರುವುದಿಲ್ಲ. ರಸ್ತೆ ಬದಿಯ ಡಬ್ಬಿಗಳಲ್ಲಿ ಹಸಿರಿಗೆ ಗಾಜು, ನೀಲಿಗೆ ಕಾಗದ, ಹಳದಿಗೆ ಪ್ಲಾಸ್ಟಿಕ್ ಮತ್ತು ಡಬ್ಬ. ಬೆಳಗ್ಗೆ ಗ್ಯಾಸ್ ಮುಚ್ಚಿ, ಬಿಸಿಲು ಬೀಳುವ ಕಡೆಯ ಕಿಟಕಿ ಪಡಿಗಳನ್ನು ಎಳೆದು, ಪ್ರತಿ ಕೋಣೆಯ ಒಂದು ಫೋಟೊ ತೆಗೆದುಕೊಳ್ಳಿ. ಡೆಪಾಸಿಟ್ ವಾಪಸು ಬರುವವರೆಗೂ ಆ ಫೋಟೊ ಅಳಿಸಬೇಡಿ. ಫ್ರಿಜ್ಜು, ಕೊಳದ ಪಂಪು ಆರಿಸಬೇಡಿ, ಅವು ಮುಂದಿನವರಿಗೆ ಓಡುತ್ತಲೇ ಇರಬೇಕು. ಚಾವಿಯನ್ನು ಗೇಟಿನ ಪಕ್ಕದ ಅಂಕಿ ಬೀಗದ ಪೆಟ್ಟಿಗೆಯಲ್ಲಿಟ್ಟು ಅಂಕಿಗಳನ್ನು ಕಲೆಸಿ, ಎಳೆದು ನೋಡಿ. ಇಳಿಯುವಾಗ ಎರಡನೇ ಗೇರು, ಬ್ರೇಕು ಹಿಡಿದೇ ಇರಬೇಡಿ.